ಪಕ್ಕದ ಪಂದ್ಯದ ಕೂಗು

ಮಾತು ಆಡಿದರೆ ಹೋಯಿತು, ವಿಕೆಟ್ ಉರುಳಿದರೆ ಹೋಯಿತು. ಹಿರಿಯರು ‘ಮುತ್ತು ಒಡೆದರೆ’ ಅಂದಿದ್ದರು. ಪಾಪ, ಅವರು ಶಿವಾಜಿ ಪಾರ್ಕಿನಲ್ಲಿ ಕ್ರಿಕೆಟ್ ಆಡಿದವರಲ್ಲ. ನನ್ನ ಮಾತನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ, ನಂಬುವುದಕ್ಕೆ ಕಾರಣವನ್ನೂ ನಾನು ಕೊಟ್ಟವನಲ್ಲ. ಆದರೆ ಇದು ನಡೆದದ್ದು. ಇದರಲ್ಲಿ ಇರುವುದು ಒಂದೇ ಒಂದು ಸುಳ್ಳು. ಅದನ್ನು ಹೇಳಿದವನೂ ನಾನೇ; ಮೂರೇ ಮಾತಿನಲ್ಲಿ, ಇನ್ನೊಬ್ಬನ ದನಿಯಲ್ಲಿ.

ನಾನು ಶರದ್ ಚೌಬಳ ಎನ್ನುವುದು ರೇಷನ್ ಕಾರ್ಡಿಗೆ ಮಾತ್ರ ಗೊತ್ತು. ಪಾರ್ಕಿಗೆ ನಾನು ಪೋಪಟ್, ಅಂದರೆ ಗಿಳಿ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮು, ಮೀನು ಮಾರುವ ಕೋಳಿಣಿಯ ಜಗಳ, ರೇಡಿಯೋ ವಾರ್ತೆಯ ಗಾಂಭೀರ್ಯ, ಎಲ್ಲವನ್ನೂ ಗಂಟಲಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಒಮ್ಮೆ ಪ್ರಿನ್ಸಿಪಾಲರ ದನಿಯಲ್ಲಿ ಜವಾನನಿಗೆ ಗಂಟೆ ಹೊಡೆಯಲು ಹೇಳಿ ಇಡೀ ಕಾಲೇಜನ್ನು ಹನ್ನೊಂದು ಗಂಟೆಗೇ ಮನೆಗೆ ಕಳಿಸಿದ್ದೆ. ಆಮೇಲೆ ಪ್ರಿನ್ಸಿಪಾಲರು ನನ್ನನ್ನು ಕರೆಸಿ ನಿಜವಾಗಿಯೂ ಕೆಮ್ಮಿದರು.

ಪಾರ್ಕಿನ ಸುತ್ತಲೂ ಮೊಣಕಾಲೆತ್ತರದ ಒಂದು ಕಟ್ಟೆ ಇದೆ. ಪುರಸಭೆ ೧೯೨೫ರಲ್ಲಿ ಬಾಗಿಲು ತೆರೆದಾಗ ಇದರ ಹೆಸರು ಮಾಹಿಮ್ ಪಾರ್ಕ್. ಎರಡು ವರ್ಷದ ಮೇಲೆ ಜನ ಮಹಾರಾಜರ ಹೆಸರಿಟ್ಟರು. ಅದಕ್ಕೂ ಮೊದಲು ಇಲ್ಲಿ ಗದ್ದೆಯೂ ತೆಂಗೂ ಇತ್ತು, ಕಪ್ಪೆಗಳು ಕೂಗಿದರೆ ಸಮುದ್ರದ ಸದ್ದು ಕೇಳಿಸುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದ. ೧೯೬೦ರಲ್ಲಿ ರಾಜ್ಯ ಹುಟ್ಟಿದಾಗ ಇಲ್ಲಿ ಸೇರಿದ ಜನವನ್ನು ಅದೇ ಅಪ್ಪನ ಹೆಗಲ ಮೇಲಿಂದ ನಾನು ನೋಡಿದ್ದೇನೆ. ನನಗೆ ನೆನಪಿರುವುದು ಬರೀ ಟೋಪಿಗಳು. ಸಭೆ ಮುಗಿದ ಮರುದಿನ ಅದೇ ಮಣ್ಣಿನಲ್ಲಿ ಮತ್ತೆ ಸ್ಟಂಪು ನೆಡುತ್ತಿದ್ದರು. ಕಟ್ಟೆ ಕಟ್ಟಿದವರು ಹೋದರು, ಕಟ್ಟೆಯ ಮೇಲೆ ಕೂತು ಕತೆ ಕಟ್ಟುವವರು ಉಳಿದೆವು.

ಈ ಪಾರ್ಕಿನ ಕ್ರಿಕೆಟ್ಟಿಗೆ ಒಂದು ಕಾಯಿದೆ ಇದೆ. ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಭಾನುವಾರ ಇಲ್ಲಿ ಹದಿನೈದಿಪ್ಪತ್ತು ಪಂದ್ಯಗಳು ಒಂದರ ಮೇಲೊಂದು ಬಿದ್ದುಕೊಂಡು ನಡೆಯುತ್ತವೆ. ನಿಮ್ಮ ಪಂದ್ಯದ ಗಡಿಗೆರೆ ನಮ್ಮ ಪಂದ್ಯದ ಪಿಚ್ಚಿನ ಮೇಲೆ ಹಾಯುತ್ತದೆ. ನಮ್ಮ ಸ್ಲಿಪ್ಪಿನಲ್ಲಿ ನಿಂತವನ ಬೆನ್ನಿಗೆ ನಿಮ್ಮ ಬೌಲರ್ ಬೆನ್ನು ತಾಗಿಸಿ ಓಟ ಶುರುಮಾಡುತ್ತಾನೆ. ಆದ್ದರಿಂದ ಇಲ್ಲಿ ಆಡುವವನು ಬ್ಯಾಟು ಹಿಡಿಯುವುದಕ್ಕೆ ಮೊದಲು ಕಲಿಯುವುದು ಕಿವುಡನಾಗುವುದನ್ನು. ಪಕ್ಕದ ಪಂದ್ಯ ಕಣ್ಣಿಗೆ ಬೀಳಬಾರದು, ಪಕ್ಕದ ಪಂದ್ಯದ ಕೂಗು ಕಿವಿಗೆ ಬೀಳಬಾರದು. ಪಕ್ಕದ ಪಂದ್ಯಕ್ಕೆ ಬಾಯಿ ಹಾಕುವವನು ಇಲ್ಲಿ ಇದುವರೆಗೆ ಹುಟ್ಟಿಲ್ಲ ಎಂದು ಎಲ್ಲರ ನಂಬಿಕೆ.

೧೯೭೪ರ ಡಿಸೆಂಬರಿನ ಒಂದು ಭಾನುವಾರ ಅಂಥವನು ಹುಟ್ಟಿದ.

ಆವತ್ತು ನಮ್ಮ ಪಂದ್ಯ ಸಪ್ಪೆಯಾಗಿತ್ತು. ನನ್ನನ್ನು ದೂರದ ಗಡಿಗೆ ಓಡಿಸಿದ್ದರು. ಚೆಂಡು ಅಲ್ಲಿಗೆ ಬರುವುದು ಗಂಟೆಗೊಮ್ಮೆ, ದಾರಿ ತಪ್ಪಿದ ನೆಂಟನ ಹಾಗೆ. ನನ್ನ ಬೆನ್ನಿಗೇ ಪಕ್ಕದ ಪಂದ್ಯದ ಪಿಚ್ಚು. ಅಲ್ಲಿ ಆಡುತ್ತಿದ್ದವರು ವಿನಾಯಕ ರೇಗೆ, ನಂದು ಧುರಂಧರ. ಇಬ್ಬರೂ ನನ್ನ ಕಾಲೇಜಿನವರು. ಚಡ್ಡಿಯಲ್ಲಿದ್ದಾಗಿನಿಂದ ಈ ಪಾರ್ಕಿನಲ್ಲಿ ಒಂದೇ ಬ್ಯಾಟಿನಲ್ಲಿ ಆಡಿ ಬೆಳೆದವರು. ಕಟ್ಟೆಯ ಮೇಲೆ ಬಿಳಿ ಟೋಪಿಯ ಆಯ್ಕೆಗಾರರೊಬ್ಬರು ಕಡಲೆ ತಿನ್ನುತ್ತ ಕೂತಿದ್ದರು. ವಿಶ್ವವಿದ್ಯಾಲಯದ ತಂಡಕ್ಕೆ ಒಂದೇ ಜಾಗ ಖಾಲಿ ಇತ್ತು. ರೇಗೆ ಎಂಬತ್ತೇಳು ಹೊಡೆದಿದ್ದ. ಆ ಜಾಗ ಅವನದೇ ಎಂದು ಕಡಲೆ ಮಾರುವವನಿಗೂ ಗೊತ್ತಿತ್ತು.

ನಂದು ಓಟಕ್ಕೆ ಕರೆಯುವ ರೀತಿಯೇ ಬೇರೆ. ಎಲ್ಲರ ಹಾಗೆ ‘ಯೆಸ್’ ಅನ್ನುತ್ತಿರಲಿಲ್ಲ. ಸ್ವಲ್ಪ ಮೂಗು, ಸ್ವಲ್ಪ ರಾಗ, ಕೊನೆಗೆ ಬಾಲ ಮೇಲಕ್ಕೆತ್ತಿ, “ಯೇ ರೇ ರಾಜಾ!” ಅನ್ನುತ್ತಿದ್ದ. ಬಾರೋ ರಾಜಾ. ಮಗುವನ್ನು ಊಟಕ್ಕೆ ಕರೆದ ಹಾಗೆ. ಆ ದನಿಯನ್ನು ನಾನು ಒಂದು ವಾರದಿಂದ ಬಚ್ಚಲಲ್ಲಿ ಸಾಧಿಸುತ್ತಿದ್ದೆ. ಯಾರಿಗೂ ಕೇಳಿಸಿರಲಿಲ್ಲ. ಅದು ಪಕ್ವವಾಗಿದೆಯೋ ಇಲ್ಲವೋ ನೋಡಬೇಕಿತ್ತು, ಅಷ್ಟೇ.

ರೇಗೆ ಚೆಂಡನ್ನು ಕಾಲಿನ ಹತ್ತಿರದಿಂದ ಹಿಂದಕ್ಕೆ ಸವರಿದ. ಅದು ಅವನ ಬೆನ್ನ ಹಿಂದೆ ಹೋಯಿತು, ಕರೆಯಬೇಕಾದವನು ಎದುರಿನ ನಂದು. ನಂದುವಿನ ಹಿಂದೆ ಹತ್ತು ಮಾರು ದೂರದಲ್ಲಿ ನಾನು. ನಾನು ಕರೆದೆ.

“ಯೇ ರೇ ರಾಜಾ!”

ನನ್ನ ಲೆಕ್ಕ ಇಷ್ಟೇ: ರೇಗೆ ಎರಡು ಹೆಜ್ಜೆ ಬರುತ್ತಾನೆ, ನಂದು ನಿಂತಿರುವುದನ್ನು ನೋಡಿ ತಿರುಗುತ್ತಾನೆ, ಇಬ್ಬರೂ ಪೆಚ್ಚಾಗಿ ಸುತ್ತ ನೋಡುತ್ತಾರೆ, ಆಗ ನಾನು ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತೇನೆ. ಆದರೆ ರೇಗೆ ನೋಡಲೇ ಇಲ್ಲ. ನಂದು ಕರೆದರೆ ಅವನು ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಓಡುತ್ತಿದ್ದ. ಅರ್ಧ ದಾರಿ ದಾಟಿ, ನಂದು ಎರಡೂ ಕೈ ಎತ್ತಿ “ನಕೋ! ನಕೋ!”, ಬೇಡ ಬೇಡ ಎಂದು ಅರಚಿದಾಗಲೇ ತಲೆ ಎತ್ತಿದ್ದು. ಅಷ್ಟರಲ್ಲಿ ಅವನ ಹಿಂದೆ ಸ್ಟಂಪು ಮಲಗಿತ್ತು.

ಅದೇ ಗಳಿಗೆಯಲ್ಲಿ ನಮ್ಮ ಪಂದ್ಯದ ಚೆಂಡು ನನ್ನ ಕಡೆಗೆ ಬಂತು. ನಾನು ಅದರ ಹಿಂದೆ ಓಡಿದೆ. ಬೆನ್ನ ಹಿಂದೆ ರೇಗೆಯ ದನಿ ಕೇಳಿಸಿತು.

“ಕರೆದು ನಿಂತ್ಬಿಟ್ಯಲ್ಲೋ, ನಂದ್ಯಾ!”

“ನಾನು ಕರೀಲಿಲ್ಲ ಕಣೋ. ಆಯಿ ಆಣೆ, ನಮ್ಮಮ್ಮನಾಣೆ! ನನ್ನ ಹಿಂದಿನಿಂದ ಯಾರೋ ನನ್ನ ದನೀಲಿ ಕೂಗಿದ್ರು.”

“ನಿನ್ನ ದನೀಲಿ? ನಿನ್ನ ಹಿಂದೆ? ಯಾರು, ನಿಮ್ಮಜ್ಜನ ದೆವ್ವಾನಾ?”

ಬಿಳಿ ಟೋಪಿಯವರು ಕಡಲೆ ಸಿಪ್ಪೆ ಕೊಡವಿಕೊಂಡು ಎದ್ದರು.

ಸಂಜೆ ಕಬ್ಬಿನಹಾಲಿನ ಅಂಗಡಿಯಲ್ಲಿ ಹೇಳಿಬಿಡೋಣ ಎಂದು ಹೋದೆ. ರೇಗೆ ಲೋಟ ಹಿಡಿದು ಕೂತಿದ್ದ, ಕುಡಿದಿರಲಿಲ್ಲ. ಮುಖ ನೋಡಿ ಹಿಂದಕ್ಕೆ ಬಂದೆ. ನಾಲ್ಕನೆಯ ದಿನ ಪಟ್ಟಿ ಹೊರಬಿತ್ತು. ಆ ಒಂದು ಜಾಗಕ್ಕೆ ನಂದುವಿನ ಹೆಸರು ಇತ್ತು. ಅವನು ಕೊನೆಯವರೆಗೂ ಔಟಾಗದೆ ನಿಂತಿದ್ದನಲ್ಲ.

ಆಮೇಲೆ ನನ್ನ ಚೇಷ್ಟೆ ನನಗಿಂತ ಎತ್ತರ ಬೆಳೆಯಿತು. ಬೇಕೆಂದೇ ಕರೆದು ಕೊಂದ ಎಂದು ರೇಗೆ ಪಾರ್ಕಿಗೆಲ್ಲ ಹೇಳಿದ. ನಂದು ಎರಡು ಪಂದ್ಯ ಆಡಿ ಬ್ಯಾಟು ಅಟ್ಟಕ್ಕೆ ಹಾಕಿದ, ಮರಾಠಿ ಶಾಲೆಯಲ್ಲಿ ಗಣಿತದ ಮೇಷ್ಟ್ರಾದ. ರೇಗೆ ವಿಮಾ ಕಚೇರಿಯ ಮೇಜಿಗೆ ಸೇರಿದ. ಅವನು ಮೊದಲು ಮೆದು ಮನುಷ್ಯ. ಹೆಸರಿಗೆ ತಕ್ಕಂತೆ ರೇಗುವುದನ್ನು ಕಲಿತದ್ದು ಆಮೇಲೆ. ನಾನು ನಂದುವಿನ ದನಿಯನ್ನು ಮತ್ತೆ ಎತ್ತಲಿಲ್ಲ. ಉಳಿದೆಲ್ಲರ ದನಿ ಕೂಗುತ್ತಲೇ ಇದ್ದೆ.

ನಲವತ್ತೈದು ವರ್ಷ. ಕಟ್ಟೆಯ ಪಕ್ಕದ ದಾರಿಯಲ್ಲಿ ಬೆಳಗ್ಗೆ ನಡೆಯುವವರೆಲ್ಲ ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತುತ್ತಾರೆ. ರೇಗೆಯೂ ಹಾಗೇ. ನಂದು ಒಬ್ಬನೇ ಎಡಕ್ಕೆ ಸುತ್ತುತ್ತಿದ್ದ. ಜೊತೆಗೆ ಹೋದರೆ ಯಾವತ್ತಾದರೂ ಹಿಂದೆ ಮುಂದೆ ಆಗಿ ಪಕ್ಕಪಕ್ಕ ಬರಬೇಕಾದೀತು ಎಂದು. ಆದರೆ ಎದುರುಬದುರು ಸುತ್ತುವವರು ಒಂದು ಸುತ್ತಿಗೆ ಎರಡು ಸಲ ಮುಖಾಮುಖಿ ಆಗಲೇಬೇಕು. ಅದನ್ನು ಗಣಿತದ ಮೇಷ್ಟ್ರಿಗೆ ಹೇಳಿಕೊಡುವವರು ಯಾರು? ಇಬ್ಬರ ವೇಗವೂ ಒಂದೇ, ಜೊತೆಯಾಗಿ ಓಡಿ ಕಲಿತ ಕಾಲುಗಳಲ್ಲವೇ. ಆದ್ದರಿಂದ ದಿನಾ ಹಾಯುವುದು ಅದೇ ಎರಡು ಜಾಗದಲ್ಲಿ: ಒಂದು, ಮಲ್ಲಕಂಬದ ಅಖಾಡದ ಹತ್ತಿರ. ಇನ್ನೊಂದು, ನಾನು ಕೂರುವ ಮಳೆಮರದ ಕೆಳಗೆ. ಹತ್ತಿರ ಬಂದಾಗ ರೇಗೆ ತಲೆ ಎತ್ತಿ ಎದುರಿನ ಕಟ್ಟಡಗಳ ಬಾಲ್ಕನಿ ನೋಡುತ್ತಿದ್ದ. ನಂದು ತನ್ನ ಚಪ್ಪಲಿ ನೋಡುತ್ತಿದ್ದ.

ಕಟ್ಟೆಯವರಿಗೆ ಇದು ತಮಾಷೆ. “ಬಾಲ್ಕನಿ ಬಂತು, ಚಪ್ಪಲಿ ಬಂತು, ಆರೂವರೆ ಆಯ್ತು, ಚಾ ತರ್ಸಿ” ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಪೋಪಟ್ ನಗದಿದ್ದರೆ ಅನುಮಾನ ಬರುತ್ತದೆ.

ಕಳೆದ ಬೇಸಿಗೆಯಲ್ಲಿ ನಂದುವಿನ ಗಂಟಲಲ್ಲಿ ಹುಣ್ಣಾಯಿತು. ಆಸ್ಪತ್ರೆಯಲ್ಲಿ ಹುಣ್ಣಿನ ಜೊತೆ ದನಿಪೆಟ್ಟಿಗೆಯನ್ನೂ ತೆಗೆದರು. ಒಂದು ತಿಂಗಳ ಮೇಲೆ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಮತ್ತೆ ಎಡಕ್ಕೆ ಸುತ್ತತೊಡಗಿದ. ರೇಗೆ ಮತ್ತೆ ಬಾಲ್ಕನಿ ನೋಡಿದ. ಆದರೆ ಹಾದುಹೋದ ಮೇಲೆ ಒಂದು ಸಲ ಹಿಂತಿರುಗಿದ್ದನ್ನು ನಾನು ಕಂಡೆ.

ಆ ಮಧ್ಯಾಹ್ನ ನಂದುವಿನ ಮನೆಗೆ ಹೋದೆ. ಅವನ ಹೆಂಡತಿ ಕುಂದಾ, ನಮಗೆಲ್ಲ ವಹಿನಿ, ಅಂದರೆ ಅತ್ತಿಗೆ, ಬಾಗಿಲು ತೆರೆದರು.

“ಬನ್ನಿ ಭಾವುಜಿ. ಏನಾದ್ರೂ ನಗೋ ಹಾಗೆ ಹೇಳಿ ಅವರಿಗೆ. ಸದ್ದು ಬರಲ್ಲ, ಆದ್ರೆ ಹೊಟ್ಟೆ ಕುಣಿಯುತ್ತೆ, ಗೊತ್ತಾಗುತ್ತೆ.”

ನಂದು ಬಾಲ್ಕನಿಯಲ್ಲಿ ಕೂತಿದ್ದ. ಕೆಳಗೆ ಪಾರ್ಕು, ಕೆಂಪು ಧೂಳು. ಮಡಿಲಲ್ಲಿ ಮಕ್ಕಳ ಸ್ಲೇಟು, ಬಳಪ. ನಾನು ನಗಿಸಲಿಲ್ಲ. ಎಪ್ಪತ್ನಾಲ್ಕರ ಭಾನುವಾರವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹೇಳುವಾಗ ಮೊದಲ ಬಾರಿಗೆ ನನ್ನ ಸ್ವಂತ ದನಿಯನ್ನು ನಾನೇ ಕೇಳಿಸಿಕೊಂಡೆ. ಅದು ಯಾರದೋ ಕೆಟ್ಟ ನಕಲಿನ ಹಾಗಿತ್ತು.

ಅವನು ಸ್ಲೇಟಿನ ಮೇಲೆ ಬರೆದ: ಗೊತ್ತಿತ್ತು.

“ಯಾವಾಗಿಂದ?”

ಬರೆದ: ಆವತ್ತಿಂದ. ನಿನ್ನ ಬಿಟ್ಟು ಇನ್ಯಾರು?

“ಮತ್ತೆ ಅವನಿಗೆ ಯಾಕೆ ಹೇಳ್ಲಿಲ್ಲ, ನಂದು? ನನ್ನ ಕತ್ತು ಹಿಡಿದು ಅವನ ಮುಂದೆ ನಿಲ್ಲಿಸ್ಬಹುದಿತ್ತಲ್ಲ!”

ಇದಕ್ಕೆ ಅವನು ಬಹಳ ಹೊತ್ತು ತೆಗೆದುಕೊಂಡ. ಬರೆದ, ಒರೆಸಿದ, ಮತ್ತೆ ಬರೆದ: ಆಯಿ ಆಣೆ ಅಂದೆ. ನಂಬಲಿಲ್ಲ. ನನ್ನ ಮಾತು ನಂಬದವನಿಗೆ ಸಾಕ್ಷಿ ತರಬೇಕಿತ್ತಾ?

ಅವನು ಅಂಗೈಯಿಂದ ಅದನ್ನೂ ಒರೆಸಿ, ಮೇಷ್ಟ್ರ ದುಂಡು ಅಕ್ಷರದಲ್ಲಿ ಬರೆದು ಸ್ಲೇಟನ್ನು ನನ್ನ ಕಡೆ ತಿರುಗಿಸಿದ: ಈಗ ಆ ಸಾಕ್ಷಿ ನೀನೇ ತಾ. ನಾನಿರುವಾಗ ಹೇಳು ಅವನಿಗೆ.

“ನಾಳೇನೇ” ಅಂದೆ.

ಮರುದಿನ ರೇಗೆಯ ಜೊತೆ ಹೆಜ್ಜೆ ಹಾಕಿದೆ. “ಏನೋ ಪೋಪಟ್, ಕಟ್ಟೆ ಬಿಟ್ಟು ಕೆಳಗಿಳಿದೆ? ಮೂಲವ್ಯಾಧಿನಾ?” ಅಂದ. “ಒಂದು ಮಾತಿತ್ತು.” “ಜೋಕಾದ್ರೆ ಆಮೇಲೆ ಹೇಳು. ನಡೀವಾಗ ನಕ್ಕರೆ ನನಗೆ ಉಸಿರು ಹಿಡಿಯುತ್ತೆ.” ನಾನು ಜೋಕನ್ನೇ ಹೇಳಿದೆ. ಅವನು ನಿಂತು ನಕ್ಕ. ನಗುವವನಿಗೆ ಹೇಗೆ ಹೇಳುವುದು? ಇನ್ನೊಂದು ದಿನ ಅವನು ಪಾಲಿಕೆಯ ನೀರಿನ ಟ್ಯಾಂಕರಿನವನ ಮೇಲೆ ರೇಗುತ್ತಿದ್ದ. ರೇಗುವವನಿಗೆ ಹೇಗೆ ಹೇಳುವುದು? ಗಣಪತಿ ಬಂದ, ಸಮುದ್ರಕ್ಕೆ ಹೋದ. ದಿನಾ ಬೆಳಗ್ಗೆ ನಂದು ಮಳೆಮರದ ಕೆಳಗೆ ಒಂದು ಗಳಿಗೆ ನಿಂತು ನನ್ನ ಕಡೆ ಹುಬ್ಬು ಎತ್ತುತ್ತಿದ್ದ: ಹೇಳಿದೆಯಾ? ನಾನು ಒಂದು ಬೆರಳು ಎತ್ತಿ ತೋರಿಸುತ್ತಿದ್ದೆ: ಇನ್ನೊಂದೇ ದಿನ. ಅಂಪೈರು ಎತ್ತುವ ಬೆರಳೂ ಅದೇ.

ದಸರೆಯ ಹೊತ್ತಿಗೆ ನಂದು ಮೂರು ಸುತ್ತಿನಿಂದ ಒಂದಕ್ಕೆ ಇಳಿದ. ರೇಗೆಯ ನಡಿಗೆ ಕಾರಣವಿಲ್ಲದೆ ನಿಧಾನವಾಯಿತು. ಹಾಯುವ ಜಾಗ ಮಾತ್ರ ಬದಲಾಗಲಿಲ್ಲ. ದೀಪಾವಳಿ ಕಳೆದು ನಂದು ಇಳಿಯುವುದನ್ನೇ ಬಿಟ್ಟ. ಬಾಲ್ಕನಿಯಲ್ಲಿ ಕೂರುತ್ತಿದ್ದ. ರೇಗೆ ಮಳೆಮರದ ಹತ್ತಿರ ಬಂದಾಗ ಅಭ್ಯಾಸದಂತೆ ಬಾಲ್ಕನಿಗಳತ್ತ ತಲೆ ಎತ್ತುತ್ತಿದ್ದ. ಈಗ ಅಲ್ಲಿ ಬಿಳಿ ಬಟ್ಟೆ ಕಟ್ಟಿಕೊಂಡ ಒಬ್ಬನು ಇವನನ್ನೇ ನೋಡುತ್ತಿರುತ್ತಿದ್ದ. ಹಾಗಾಗಿ ರೇಗೆ ಚಪ್ಪಲಿ ನೋಡಲು ಶುರುಮಾಡಿದ.

ಒಂದು ಶುಕ್ರವಾರ ಬಾಲ್ಕನಿಯ ಬಾಗಿಲು ಮುಚ್ಚಿತ್ತು. ರೇಗೆ ನನ್ನ ಮುಂದೆ ನಿಂತ.

“ಮಾಸ್ತರ್ ಎಲ್ಲಿ ಇವತ್ತು?” ಅಂದ. ನಲವತ್ತೈದು ವರ್ಷದಲ್ಲಿ ಅವನು ನಂದುವಿನ ಬಗ್ಗೆ ಕೇಳಿದ ಮೊದಲ ಮಾತು.

“ಹೋದ, ವಿನ್ಯಾ. ಬೆಳಗಿನ ಜಾವ.”

“ಎಲ್ಲಿಗೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ಬಾಕಿ ಇದ್ದ ಅರ್ಧ ಸುತ್ತನ್ನು ಮುಗಿಸಲು ಹೋದ.

ಮರುದಿನವೂ ಬಂದ. ಅದರ ಮರುದಿನವೂ. ಎದುರಿನಿಂದ ಬರುವವರು ಯಾರೂ ಇರಲಿಲ್ಲ. ಆದರೂ ಮಳೆಮರ ಹತ್ತಿರ ಬಂದ ಕೂಡಲೇ ಅರ್ಧ ಮಾರು ಪಕ್ಕಕ್ಕೆ ಸರಿದು, ಯಾರಿಗೋ ದಾರಿ ಬಿಟ್ಟು, ಮುಂದೆ ಹೋಗುತ್ತಿದ್ದ. ಕಟ್ಟೆಯವರು ಚಾ ತರಿಸಲು ಈಗ ಗಡಿಯಾರ ನೋಡಬೇಕಾಯಿತು.

ಹದಿಮೂರನೆಯ ದಿನ ನಂದುವಿನ ಮನೆಯಲ್ಲಿ ಊಟವಿತ್ತು. ಅದಕ್ಕೆ ಮೊದಲು ಹೇಳಿಬಿಡಬೇಕು. ಅವನ ಅನ್ನದ ಮುಂದೆ ಇದನ್ನು ಇಟ್ಟುಕೊಂಡು ಕೂರಲಾರೆ ಅನ್ನಿಸಿತು. ಬೆಳಗ್ಗೆ ರೇಗೆಯನ್ನು ಕಟ್ಟೆಯ ಮೇಲೆ, ಮೈದಾನದ ಕಡೆ ಮುಖ ಮಾಡಿ ಕೂರಿಸಿದೆ. ಆ ಕಡೆ ನಗೆಕೂಟದವರು ಕೈ ಮೇಲೆತ್ತಿ ‘ಹಾ ಹಾ, ಹೋ ಹೋ’ ಎಂದು ಲೆಕ್ಕ ಹಾಕಿ ನಗುತ್ತಿದ್ದರು. ಮಲ್ಲಕಂಬದಲ್ಲಿ ಯಾರೋ ತಲೆಕೆಳಗಾಗಿ ಜಗತ್ತು ನೋಡುತ್ತಿದ್ದರು. ನಾನು ಹೇಳಿದೆ. ಬಚ್ಚಲಿನಲ್ಲಿ ಸಾಧಿಸಿದ್ದು, ಗಡಿಯಲ್ಲಿ ನಿಂತಿದ್ದು, ಕೂಗಿದ್ದು, ಸ್ಲೇಟು, ಬೆರಳು. ಏನೂ ಬಿಡಲಿಲ್ಲ.

ಅವನು ರೇಗಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು, ನಾನು ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡೇ ಕೂತಿದ್ದೆ.

“ಪಕ್ಕದ ಪಂದ್ಯದಿಂದ,” ಅಂದ. “ಪಕ್ಕದ ಪಂದ್ಯದಿಂದ ಕೂಗ್ತಾರೇನೋ ಯಾರಾದ್ರೂ?”

“ಇಲ್ಲ.”

“ಅದಕ್ಕೇ ನನ್ನ ತಲೆಗೆ ಹೋಗ್ಲೇ ಇಲ್ಲ ನೋಡು.” ಚಪ್ಪಲಿಯಿಂದ ಮಣ್ಣು ಕೆದಕುತ್ತ, “ನಂದ್ಯಾ ಹೇಳಿದ್ದ, ಹಿಂದಿನಿಂದ ಯಾರೋ ಅಂತ. ಅವತ್ತೇ ಹೇಳಿದ್ದ” ಅಂದ.

ನಾನು ಜೇಬಿನಿಂದ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡೆ.

“ಕೂಗು,” ಅಂದ ರೇಗೆ.

“ಏನು?”

“ಆವತ್ತು ಕೂಗಿದ ಹಾಗೆ. ಅದೇ ದನಿ.”

“ಬೇಡ ವಿನ್ಯಾ. ಕಾಲಿಗೆ ಬೀಳ್ತೀನಿ.”

“ಐವತ್ತು ವರ್ಷ ಊರಿಗೆಲ್ಲ ಕೂಗಿ ಚಾ ಕುಡಿದಿದ್ದೀಯ, ಪೋಪಟ್. ಒಂದ್ಸಲ ನನಗೆ ಕೂಗು. ಅವನ ದನಿ ಇನ್ನೆಲ್ಲೂ ಇಲ್ಲ. ಅವನ ಹತ್ರಾನೂ ಇರಲಿಲ್ಲ ಕೊನೆಗೆ.”

ಎದ್ದು, ನನಗೆ ಬೆನ್ನು ಹಾಕಿ, ಮೈದಾನದ ಕಡೆ ಮುಖ ಮಾಡಿ ನಿಂತ. ಎಪ್ಪತ್ತರ ಹತ್ತಿರದ ಬೆನ್ನು. ಅಂಗಿಯ ಕೆಳಗೆ ಹೆಗಲೆಲುಬು ಎದ್ದಿತ್ತು. ನಾನು ಗಂಟಲು ಸರಿಮಾಡಿಕೊಂಡೆ. ಬಾರದೇ ಇರಲಿ ಎಂದು ಬೇಡಿಕೊಂಡೆ. ಬಂತು. ನಾನು ಮುಟ್ಟದೇ ಇಟ್ಟಿದ್ದ ದನಿ, ಒಂದಿಷ್ಟೂ ಮುಪ್ಪಾಗದೆ, ಸ್ವಲ್ಪ ಮೂಗು, ಸ್ವಲ್ಪ ರಾಗ, ಬಾಲ ಮೇಲಕ್ಕೆ.

“ಯೇ ರೇ ರಾಜಾ!”

ರೇಗೆಯ ತಲೆ ತಗ್ಗಿತು, ಬಲಗಾಲು ಹೊರಟಿತು. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ಕೈಯಲ್ಲಿ ಇಲ್ಲದ ಬ್ಯಾಟು ಮುಂದೆ ಚಾಚಿ, ಚಪ್ಪಲಿ ಒಂದು ಹಿಂದೆ ಉಳಿದು, ಕೆಂಪು ಮಣ್ಣಿನ ಮೇಲೆ ಓಡಿದ. ಐದನೆಯ ಹೆಜ್ಜೆಗೆ ನಿಂತ. ಕೆಳಗೆ ತನ್ನ ಬರಿಗಾಲು ನೋಡಿಕೊಂಡ.

“ನೋಡಿದ್ಯಾ?” ಅಂದ. “ಹೊರಟೇಬಿಡ್ತು. ನಾನು ಹೇಳ್ಲೇ ಇಲ್ಲ ಅದಕ್ಕೆ. ಇಷ್ಟು ವರ್ಷ ಅವನನ್ನ ನಂಬಲ್ಲ, ನಂಬಲ್ಲ ಅಂತ ಸುತ್ತಿದ್ದೀನಲ್ಲೋ, ಕಾಲಿಗೆ ಯಾರೂ ಹೇಳೇ ಇಲ್ಲ!”

ಮೊದಲು ಹೆಗಲು ಅಲುಗಿತು. ಅಳುತ್ತಿದ್ದಾನೆ ಎಂದುಕೊಂಡು ನಾನು ಎದ್ದೆ. ಅವನು ತಿರುಗಿದ. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. “ಮತ್ತೆ ಔಟು!” ಎಂದು ನನ್ನ ಮುಖಕ್ಕೆ ಬೆರಳೆತ್ತಿ ತೋರಿಸಿ, ಹೊಟ್ಟೆ ಹಿಡಿದುಕೊಂಡು ಮಣ್ಣಿನಲ್ಲೇ ಕೂತುಬಿಟ್ಟ. ಕಟ್ಟೆಯವರು ಏನೆಂದು ತಿಳಿಯದೆ ನಕ್ಕರು. ನನಗೂ, ದೇವರು ಕ್ಷಮಿಸಲಿ, ನಗು ಬಂತು. ಆ ಕಡೆ ನಗೆಕೂಟದವರು ಎತ್ತಿದ ಕೈ ಎತ್ತಿದಂತೆಯೇ ನಿಲ್ಲಿಸಿ ಇತ್ತ ತಿರುಗಿದರು. ಅವರ ಸದ್ದು ನಿಂತ ಮೇಲೂ, ನಮ್ಮ ಸದ್ದು ನಿಂತ ಮೇಲೂ, ಮಳೆಮರದ ಕಾಗೆಗಳು ಎದ್ದು ಹಾರುವ ಹಾಗೆ ಒಬ್ಬನೇ ನಗುತ್ತಿದ್ದ, ರೇಗೆ.